ಮರುಭೂಮಿ ಖಾಲಿ ಇಲ್ಲ

ಪ್ರತಿ ವರ್ಷ ಜನವರಿ ಬಂತೆಂದರೆ ಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮರಳಿನ ದಿಬ್ಬದ ನೆತ್ತಿಯಿಂದ ಗಾಳಿಗೆ ಹಾರಿದ ಮೋಟಾರ್ ಬೈಕ್, ಹಿಂದೆ ಎದ್ದ ಧೂಳಿನ ಮೋಡ, ಸುತ್ತ ಕಣ್ಣು ಹಾಯುವವರೆಗೂ ಮರಳು. ಕೆಳಗೆ ಡಾಕರ್ ರ‍್ಯಾಲಿ, ಜಗತ್ತಿನ ಅತಿ ಕಠಿಣ ಮೋಟಾರು ಸ್ಪರ್ಧೆ, ಸಾಹಸಿಗಳ ಕನಸು ಎಂಬ ಒಕ್ಕಣೆ.

ಮಂಗಳೂರಿನ ಒಂದು ಚಹಾದಂಗಡಿಯಲ್ಲಿ ಈ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದ ಕಾಲೇಜು ಹುಡುಗನೊಬ್ಬನಿಗೆ, ಇಷ್ಟು ವೇಗದಲ್ಲಿ ಯಾರಿಗಾದರೂ ಗುದ್ದಿದರೆ ಗತಿಯೇನು ಎಂದು ಕೇಳಿದೆ. "ಅಲ್ಲಿ ಯಾರಿದ್ದಾರೆ ಸಾರ್, ಬರೀ ಹೊಯ್ಗೆ" ಎಂದ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಗ್ಲಾಸು ಕೆಳಗಿಟ್ಟರು. ಸೌದಿಯಲ್ಲಿ ನೀರಿನ ಟ್ಯಾಂಕರ್ ಓಡಿಸಿ ಮಕ್ಕಳನ್ನು ಓದಿಸಿದವರು ಅವರು. "ಹೊಯ್ಗೆಯಲ್ಲಿ ಯಾರಿಲ್ಲ ಮಗನೇ? ನಾನೇ ಇದ್ದೆ, ಹನ್ನೊಂದು ವರ್ಷ" ಎಂದರು.

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಮರುಭೂಮಿ ಖಾಲಿ ಎಂಬ ಸುಳ್ಳನ್ನು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ! ಸುಮಾರು ಐದು ದಶಕಗಳಿಂದ ನಡೆಯುತ್ತಿರುವ ಒಂದು ಜಾಗತಿಕ ಉದ್ಯಮ ಈ ಸುಳ್ಳಿನ ಮೇಲೆಯೇ ನಿಂತಿದೆ.

ಆರಂಭದಲ್ಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಸಾಹಸದ ವಿರೋಧಿಯಲ್ಲ. ಬೆಟ್ಟ ಹತ್ತುವವನನ್ನು, ಕಡಲು ಈಜುವವನನ್ನು, ತನ್ನ ಯಂತ್ರದ ತಾಕತ್ತನ್ನೂ ತನ್ನ ತಾಕತ್ತನ್ನೂ ಒಟ್ಟಿಗೆ ಪರೀಕ್ಷಿಸಿಕೊಳ್ಳುವವನನ್ನು ಹುಚ್ಚನೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ತನ್ನ ಪ್ರಾಣವನ್ನು ಪಣಕ್ಕಿಡುವುದು ಅವನ ಆಯ್ಕೆ. ಆದರೆ ಆ ಪಣದಲ್ಲಿ ಇನ್ನೊಬ್ಬರ ಮನೆಯ ಮಗುವನ್ನೂ ಇಡುವ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು? ನನ್ನ ಪ್ರಶ್ನೆ ಇಷ್ಟೇ.

ದಾರಿ ತಪ್ಪಿದವನ ಕನಸು

ಥಿಯೆರಿ ಸಬೀನ್ ಎಂಬ ಫ್ರೆಂಚ್ ಬೈಕ್ ಸವಾರ 1977ರಲ್ಲಿ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಆಫ್ರಿಕಾದ ಮರುಭೂಮಿಯಲ್ಲಿ ದಾರಿ ತಪ್ಪಿದ. ಸಾವಿನಂಚಿನಿಂದ ಪಾರಾಗಿ ಬಂದವನ ತಲೆಯಲ್ಲಿ ಹೊಸ ಯೋಚನೆ ಹುಟ್ಟಿತು. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ 182 ವಾಹನಗಳು ಸೆನೆಗಲ್‌ನ ರಾಜಧಾನಿ ಡಾಕರ್‌ನತ್ತ ಹೊರಟವು. ಸುಮಾರು 10,000 ಕಿಲೋಮೀಟರ್ ದಾರಿ. ಗುರಿ ಮುಟ್ಟಿದ್ದು 74. ಒಬ್ಬ ಬೈಕ್ ಸವಾರ ನೈಜರ್‌ನಲ್ಲಿ ಪ್ರಾಣ ಕಳೆದುಕೊಂಡ.

ಆ ದಾರಿ ಹಾದುಹೋದ ದೇಶಗಳನ್ನು ನೋಡಿ: ಅಲ್ಜೀರಿಯಾ, ನೈಜರ್, ಮಾಲಿ, ಸೆನೆಗಲ್, ಮುಂದಿನ ವರ್ಷಗಳಲ್ಲಿ ಮಾರಿಟೇನಿಯಾ, ಗಿನಿ. ಬಹುತೇಕ ಎಲ್ಲವೂ 1960ರ ಆಸುಪಾಸಿನಲ್ಲಿ ಫ್ರಾನ್ಸಿನ ಆಳ್ವಿಕೆಯಿಂದ ಬಿಡುಗಡೆ ಪಡೆದ ನಾಡುಗಳು. ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಸಾಹೇಲ್ ಪ್ರದೇಶ ಭೀಕರ ಬರಕ್ಕೆ ತುತ್ತಾಗಿ, ಜಾನುವಾರುಗಳ ಜೊತೆ ಜನರೂ ಸಾಯುತ್ತಿದ್ದ ಕಾಲದಲ್ಲೇ ಈ ಮೆರವಣಿಗೆ ಅದೇ ಹಳ್ಳಿಗಳ ನಡುವೆ ಸಾಗುತ್ತಿತ್ತು. ಕುಡಿಯುವ ನೀರಿಗಾಗಿ ಮೈಲುಗಟ್ಟಲೆ ನಡೆಯುವ ಹೆಂಗಸರ ಪಕ್ಕದಲ್ಲಿ ಸಾವಿರಾರು ಲೀಟರ್ ಪೆಟ್ರೋಲು ಸುಡುತ್ತಾ ಕಾರುಗಳು ಓಡಿದವು.

ಹೋದವರೆಲ್ಲ ಕಲ್ಲೆದೆಯವರು ಎಂದು ನಾನು ಹೇಳುವುದಿಲ್ಲ. ಫ್ರೆಂಚ್ ಗಾಯಕ ದಾನಿಯೆಲ್ ಬಲವುವಾನ್ 1986ರಲ್ಲಿ ಆ ರ‍್ಯಾಲಿಯ ಜೊತೆಗಿದ್ದದ್ದು ಹಳ್ಳಿಗಳಿಗೆ ನೀರಿನ ಪಂಪು ಒದಗಿಸುವ ಕೆಲಸಕ್ಕಾಗಿ. ಅದೇ ಜನವರಿ 14ರಂದು ಮಾಲಿಯಲ್ಲಿ ಮರಳು ಬಿರುಗಾಳಿಗೆ ಸಿಕ್ಕಿದ ಹೆಲಿಕಾಪ್ಟರ್ ದಿಬ್ಬಕ್ಕೆ ಅಪ್ಪಳಿಸಿ ಸಬೀನ್, ಬಲವುವಾನ್ ಸೇರಿ ಐವರು ಸತ್ತರು. ಆದರೆ ಬಾಯಾರಿದವನಿಗೆ ಪಂಪು ತಲುಪಿಸಲು ಕಾರ್ ರೇಸ್ ಬೇಕೆ? ಪಂಪಿಗಷ್ಟೇ ಹಣ ಕೇಳಿದರೆ ಯಾರೂ ಕೊಡುವುದಿಲ್ಲ, ರೇಸಿನ ಜೊತೆ ಕೇಳಿದರೆ ಕೊಡುತ್ತಾರೆ ಎಂದಾದರೆ, ಅದು ಹಣ ಕೊಡುವವರ ಮನಸ್ಸಿನ ಬಡತನವನ್ನು ತೋರಿಸುತ್ತದೆಯೇ ಹೊರತು ರೇಸಿನ ಹಿರಿಮೆಯನ್ನಲ್ಲ.

ಬೆಕ್ಕಿಗೆ ಚೆಲ್ಲಾಟ

1982ರಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಈ ರ‍್ಯಾಲಿಯಲ್ಲಿ ಆರು ದಿನ ಕಾಣೆಯಾದ. 'ಉಕ್ಕಿನ ಮಹಿಳೆ' ಸಾರ್ವಜನಿಕವಾಗಿ ಕಣ್ಣೀರಿಟ್ಟರು. ತಾಯಿಯ ಕಣ್ಣೀರು ಯಾವ ದೇಶದ್ದಾದರೂ ಕಣ್ಣೀರೇ. ಹುಡುಕಾಟಕ್ಕೆ ವಿಮಾನಗಳು ಹಾರಿದವು. ಕೊನೆಗೆ ಅವನನ್ನು ಪತ್ತೆ ಮಾಡಿದ್ದು ಅಲ್ಜೀರಿಯಾದ ಸೇನೆಯ ವಿಮಾನ. ಜಗತ್ತಿನ ಪತ್ರಿಕೆಗಳೆಲ್ಲ ಆ ಸುದ್ದಿಯನ್ನು ಮುಖಪುಟದಲ್ಲಿ ಬರೆದವು.

ಈಗ 1988ಕ್ಕೆ ಬನ್ನಿ. ಮಾಲಿಯಲ್ಲಿ ರಸ್ತೆ ದಾಟುತ್ತಿದ್ದ 10 ವರ್ಷದ ಬಾಲಕಿ ಸ್ಪರ್ಧಿಯೊಬ್ಬನ ವಾಹನಕ್ಕೆ ಬಲಿಯಾದಳು. ಮಾರಿಟೇನಿಯಾದಲ್ಲಿ ಒಬ್ಬ ತಾಯಿ ಮತ್ತು ಮಗಳನ್ನು, ರೇಸನ್ನು ಚಿತ್ರೀಕರಿಸುತ್ತಿದ್ದ ತಂಡದ ವಾಹನ ಕೊಂದಿತು. ಗಮನಿಸಿ, ಆ ತಾಯಿ ಮಗಳನ್ನು ಕೊಂದದ್ದು ಓಟವೂ ಅಲ್ಲ, ಓಟದ ಚಿತ್ರ ತೆಗೆಯುವ ಅವಸರ. ಆ ವರ್ಷ ವ್ಯಾಟಿಕನ್‌ನ ಪತ್ರಿಕೆಯೇ ಈ ರ‍್ಯಾಲಿಯನ್ನು ಬಲವಾಗಿ ಖಂಡಿಸಿತು. 1991ರಲ್ಲಿ ಫ್ರಾನ್ಸಿನ ಜನಪ್ರಿಯ ಗಾಯಕ ರೆನೋ ಇದರ ವಿರುದ್ಧ ಹಾಡು ಕಟ್ಟಿದ. ಅಂದರೆ ಇದು ಪಶ್ಚಿಮ ಮತ್ತು ಪೂರ್ವದ ಜಗಳವಲ್ಲ, ಒಂದು ಧರ್ಮ ಮತ್ತು ಇನ್ನೊಂದು ಧರ್ಮದ ಜಗಳವೂ ಅಲ್ಲ. ಕಣ್ಣಿದ್ದವರಿಗೆ ಎಲ್ಲ ಕಡೆಯಿಂದಲೂ ಕಂಡಿದೆ.

2006ರಲ್ಲಿ ಗಿನಿಯಲ್ಲಿ 10 ವರ್ಷದ ಹುಡುಗ ಸ್ಪರ್ಧಿಯ ಕಾರಿಗೆ ಸಿಕ್ಕಿ ಸತ್ತ. ಮರುದಿನವೇ ಸೆನೆಗಲ್‌ನಲ್ಲಿ 12 ವರ್ಷದ ಹುಡುಗ ರ‍್ಯಾಲಿಯ ಸಹಾಯಕ ಟ್ರಕ್ಕಿನಡಿ ಸತ್ತ. ಆಗ ಜಿಪಿಎಸ್ ಇತ್ತು, ಹಳ್ಳಿಗಳಲ್ಲಿ ವೇಗದ ಮಿತಿಯಿತ್ತು, ಹೆಲಿಕಾಪ್ಟರುಗಳಿದ್ದವು, ವೈದ್ಯರ ತಂಡವಿತ್ತು. ಎಲ್ಲ ಮುನ್ನೆಚ್ಚರಿಕೆಯ ಮೇಲೂ ಎರಡು ದಿನದಲ್ಲಿ ಎರಡು ಮಕ್ಕಳು. 2007ರ ಜನವರಿಯಲ್ಲಿ ರ‍್ಯಾಲಿ ಲಿಸ್ಬನ್‌ನಿಂದ ಮತ್ತೆ ಹೊರಟಿತು.

ಈ ರ‍್ಯಾಲಿಯಲ್ಲಿ ಇದುವರೆಗೆ ಸತ್ತವರು 70ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ಪರ್ಧಿಗಳಲ್ಲ. ದಾರಿಹೋಕರು, ಪ್ರೇಕ್ಷಕರು, ಮೆಕ್ಯಾನಿಕ್‌ಗಳು, ಪತ್ರಕರ್ತರು, ಮಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಹೇಳಿದ್ದು ಇಂತಹದ್ದನ್ನು ನೋಡಿಯೇ ಇರಬೇಕು.

ಯುರೋಪಿನಲ್ಲಿ ಆದದ್ದು ಆಫ್ರಿಕಾದಲ್ಲೇಕೆ ಆಗಲಿಲ್ಲ?

ಎಲ್ಲ ಕ್ರೀಡೆಯಲ್ಲೂ ಅಪಘಾತ ಸಹಜ, ಅದಕ್ಕೆ ಕ್ರೀಡೆಯನ್ನೇ ನಿಲ್ಲಿಸುತ್ತಾರೆಯೇ ಎಂದು ಕೇಳುವವರಿದ್ದಾರೆ. ನಿಲ್ಲಿಸಿದ್ದಾರೆ ಸ್ವಾಮಿ. ಇತಿಹಾಸ ತೆಗೆದು ನೋಡಿ.

1903ರ ಮೇ ತಿಂಗಳಲ್ಲಿ ಪ್ಯಾರಿಸ್–ಮ್ಯಾಡ್ರಿಡ್ ಕಾರ್ ರೇಸ್ ನಡೆಯಿತು. ಮೊದಲ ದಿನವೇ ಚಾಲಕರೂ ದಾರಿಬದಿಯ ಜನರೂ ಸತ್ತರು. ರೆನೋ ಕಾರು ಕಂಪೆನಿಯ ಸೋದರರಲ್ಲೊಬ್ಬನಾದ ಮಾರ್ಸೆಲ್ ರೆನೋ ಕೂಡ ಆ ಓಟದಲ್ಲೇ ಪ್ರಾಣ ಕಳೆದುಕೊಂಡ. ಫ್ರೆಂಚ್ ಸರಕಾರ ರೇಸನ್ನು ಬೋರ್ಡೊ ನಗರದಲ್ಲೇ ತಡೆಯಿತು. ಕಾರುಗಳ ಎಂಜಿನ್ ಚಾಲೂ ಮಾಡಲೂ ಬಿಡದೆ, ಕುದುರೆ ಕಟ್ಟಿ ಎಳೆಸಿ ರೈಲು ನಿಲ್ದಾಣಕ್ಕೆ ಸಾಗಿಸಲಾಯಿತು.

1957ರ ಮೇ 12ರಂದು ಇಟಲಿಯ ಪ್ರಸಿದ್ಧ ಮಿಲ್ಲೆ ಮಿಲ್ಯಾ ಓಟದಲ್ಲಿ ಒಂದು ಫೆರಾರಿ ಕಾರಿನ ಟೈರು ಸಿಡಿದು ಅದು ಜನರ ಮೇಲೆ ನುಗ್ಗಿತು. ಚಾಲಕ, ಅವನ ಜೊತೆಗಾರ, ಮತ್ತು 9 ಪ್ರೇಕ್ಷಕರು ಸತ್ತರು. ಅವರಲ್ಲಿ 5 ಮಂದಿ ಮಕ್ಕಳು. ಕೆಲವೇ ದಿನಗಳಲ್ಲಿ ಇಟಲಿ ಸರಕಾರ ಸಾರ್ವಜನಿಕ ರಸ್ತೆಗಳಲ್ಲಿ ಇಂತಹ ಓಟವನ್ನು ನಿಷೇಧಿಸಿತು. ಕಂಪೆನಿಯ ಒಡೆಯ ಎನ್ಜೊ ಫೆರಾರಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಅವರು ದೋಷಮುಕ್ತರಾಗಲು 1961ರವರೆಗೆ ಕಾಯಬೇಕಾಯಿತು.

1986ರಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರೊಂದು ಗುಂಪಿನ ಮೇಲೆ ಹರಿದು ಮೂವರು ಸತ್ತರು. ಎರಡು ತಿಂಗಳೊಳಗೆ ಕಾರ್ಸಿಕಾದಲ್ಲಿ ಫಿನ್ಲೆಂಡಿನ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಅವನ ಸಹಚಾಲಕ ಕಾರಿನೊಳಗೇ ಸುಟ್ಟುಹೋದರು. 'ಗ್ರೂಪ್ ಬಿ' ಎಂಬ ಆ ಅತಿವೇಗದ ಕಾರುಗಳ ವರ್ಗವನ್ನೇ ಮುಂದಿನ ವರ್ಷದಿಂದ ರದ್ದುಪಡಿಸಲಾಯಿತು.

ಇಟಲಿಯ ಐದು ಮಕ್ಕಳು ಸತ್ತಾಗ ಕಾನೂನು ಬದಲಾಯಿತು, ಕಂಪೆನಿಯ ಒಡೆಯ ಕಟಕಟೆ ಹತ್ತಿದ. ಮಾಲಿ, ಮಾರಿಟೇನಿಯಾ, ಗಿನಿ, ಸೆನೆಗಲ್‌ಗಳ ಮಕ್ಕಳು ಸತ್ತಾಗ ಮುಂದಿನ ವರ್ಷದ ನಕಾಶೆ ತಯಾರಾಯಿತು. ಈ ವ್ಯತ್ಯಾಸಕ್ಕೆ ಯಾವ ಹೆಸರಿಡೋಣ? ಆ ಮಕ್ಕಳ ಚರ್ಮದ ಬಣ್ಣ, ಅವರ ಸರಕಾರಗಳ ಬಡತನ, ಅವರ ತಾಯಂದಿರ ಭಾಷೆ ಪ್ಯಾರಿಸ್‌ನ ಕಚೇರಿಗೆ ಅರ್ಥವಾಗದಿರುವುದು, ಇವುಗಳ ಹೊರತು ಬೇರೆ ಕಾರಣ ಇದ್ದರೆ ಯಾರಾದರೂ ಹೇಳಲಿ.

ಈ ರ‍್ಯಾಲಿ ಒಮ್ಮೆ ನಿಂತದ್ದುಂಟು. 2007ರ ಡಿಸೆಂಬರ್‌ನಲ್ಲಿ ಮಾರಿಟೇನಿಯಾದಲ್ಲಿ ನಾಲ್ವರು ಫ್ರೆಂಚ್ ಪ್ರವಾಸಿಗರನ್ನು ಉಗ್ರರು ಗುಂಡಿಕ್ಕಿ ಕೊಂದರು. ಅದು ಹೇಯ ಕೃತ್ಯ. ಯಾವ ಸಮರ್ಥನೆಯೂ ಅದಕ್ಕಿಲ್ಲ. ರ‍್ಯಾಲಿಗೂ ಬೆದರಿಕೆ ಬಂತು. 2008ರ ಜನವರಿ 4ರಂದು, ಓಟ ಹೊರಡುವ ಹಿಂದಿನ ದಿನ, ಸಂಘಟಕರು ಇಡೀ ಸ್ಪರ್ಧೆಯನ್ನೇ ರದ್ದು ಮಾಡಿದರು. ಸರಿಯಾದ ನಿರ್ಧಾರ. ಆದರೆ ಅದು ಒಂದು ಸತ್ಯವನ್ನು ಹೊರಗೆಡವಿತು. ಅಪಾಯ ಓಡಿಸುವವರ ಕಡೆಗೆ ಬಂದಾಗ ಒಂದೇ ದಿನದಲ್ಲಿ ನಿಲ್ಲಿಸಬಹುದಾದ ಓಟ, ದಾರಿಬದಿಯವರ ಕಡೆಗಿದ್ದ ಮೂವತ್ತು ವರ್ಷ ನಿಲ್ಲಿಸಲಾಗದ ಓಟವಾಗಿತ್ತು.

ಈಗ ನಮ್ಮವರ ಸರದಿ

2009ರಲ್ಲಿ ರ‍್ಯಾಲಿ ಹೆಸರನ್ನು ಮಾತ್ರ ಡಾಕರ್ ಎಂದುಳಿಸಿಕೊಂಡು ದಕ್ಷಿಣ ಅಮೆರಿಕಕ್ಕೆ ಗುಳೆ ಹೋಯಿತು. 2010ರಲ್ಲಿ ಅರ್ಜೆಂಟೀನಾದಲ್ಲಿ ಮೊದಲ ದಿನವೇ ಪ್ರೇಕ್ಷಕಿಯೊಬ್ಬಳು ಸತ್ತಳು. ಚಿಲಿಯ ಅಟಕಾಮಾ ಮರುಭೂಮಿಯ ಪ್ರಾಚೀನ ನೆಲೆಗಳಿಗೆ ಚಕ್ರಗಳಿಂದಾದ ಹಾನಿಯನ್ನು ಅಲ್ಲಿನ ರಾಷ್ಟ್ರೀಯ ಸ್ಮಾರಕಗಳ ಮಂಡಳಿಯೇ ದಾಖಲಿಸಿತು. ಅಲ್ಲಿಯೂ ಮರುಭೂಮಿ ಖಾಲಿ ಇರಲಿಲ್ಲ. ಸತ್ತವರ ಚರಿತ್ರೆ ಅಲ್ಲಿ ಮಲಗಿತ್ತು.

2020ರಿಂದ ರ‍್ಯಾಲಿ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಆಫ್ರಿಕಾದ ಮುಸ್ಲಿಮ್ ಹಳ್ಳಿಗಳ ಮೇಲೆ ಫ್ರೆಂಚರ ಕಾರು ಓಡಿದಾಗ ವಸಾಹತುಶಾಹಿ ಎಂದು ಕೂಗಿದ ನಮ್ಮಲ್ಲಿ ಅನೇಕರು, ಅರಬ್ ದೊರೆಗಳೇ ಹಣ ಕೊಟ್ಟು ಕರೆಸಿದಾಗ ತೆಪ್ಪಗಿದ್ದಾರೆ. ಈ ಮೌನಕ್ಕೂ ಲೆಕ್ಕ ಕೊಡಬೇಕು. ಅಲ್ಲಿನ ಬೃಹತ್ ಮರುಭೂಮಿಗೆ ಅರಬಿಯಲ್ಲಿ ರುಬ್ ಅಲ್ ಖಾಲಿ, ಅಂದರೆ ಖಾಲಿ ಕಾಲುಭಾಗ ಎಂದೇ ಹೆಸರು. ಆದರೆ ಅಲ್ ಮುರ‍್ರಾ ಬುಡಕಟ್ಟಿನ ಬದೂಯಿನರು ತಲೆತಲಾಂತರದಿಂದ ಒಂಟೆ ಮೇಯಿಸಿದ್ದು ಆ 'ಖಾಲಿ'ಯಲ್ಲೇ. ನಮ್ಮ ಕರಾವಳಿಯ ಎಷ್ಟು ಮನೆಗಳ ಮಕ್ಕಳು ಆ ಮರಳಿನಲ್ಲಿ ಟ್ಯಾಂಕರ್ ಓಡಿಸಿ, ಪೈಪು ಹೂಳಿ, ಕುರಿ ಕಾದು ಬಂದಿದ್ದಾರೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನೊಂದು ವಿಪರ್ಯಾಸ. ಮಹಿಳೆಯರಿಗೆ ವಾಹನ ಚಲಾಯಿಸುವ ಹಕ್ಕು ಬೇಕೆಂದು ಹೋರಾಡಿದ ಲುಜೈನ್ ಅಲ್ ಹತ್‌ಲೂಲ್ ಅವರನ್ನು 2018ರ ಮೇಯಲ್ಲಿ ಬಂಧಿಸಲಾಯಿತು. ಮರುತಿಂಗಳೇ ಆ ನಿಷೇಧ ತೆರವಾಯಿತು. 2020ರ ಜನವರಿಯಲ್ಲಿ ವಿದೇಶಿ ಮಹಿಳೆಯರು ಸೌದಿ ಮರಳಿನಲ್ಲಿ ರ‍್ಯಾಲಿ ಕಾರು ಓಡಿಸುವಾಗ ಆಕೆ ಜೈಲಿನಲ್ಲೇ ಇದ್ದರು. ಬಿಡುಗಡೆಯಾದದ್ದು 2021ರ ಫೆಬ್ರವರಿಯಲ್ಲಿ. ಕ್ರೀಡೆಯ ಧೂಳೆಬ್ಬಿಸಿದರೆ ಜೈಲಿನ ಗೋಡೆ ಕಾಣಿಸುವುದಿಲ್ಲ ಎಂಬ ಲೆಕ್ಕಾಚಾರ ಇದು.

ಬದಲಾವಣೆ ಅಸಾಧ್ಯ ಎನ್ನುವವರಿಗೆ ಕೊಲ್ಲಿಯದೇ ಒಂದು ಉದಾಹರಣೆ ಕೊಡುತ್ತೇನೆ. ಒಂಟೆ ಓಟಕ್ಕೆ ಭಾರ ಕಡಿಮೆ ಇರಲೆಂದು ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್‌ಗಳ ಬಡವರ ಪುಟ್ಟ ಮಕ್ಕಳನ್ನು ತಂದು ಒಂಟೆಯ ಬೆನ್ನಿಗೆ ಕೂರಿಸುತ್ತಿದ್ದ ನಾಚಿಕೆಗೇಡಿನ ಪದ್ಧತಿ ಅಲ್ಲಿತ್ತು. ಜಗತ್ತು ಛೀಮಾರಿ ಹಾಕಿತು. 2005ರಲ್ಲಿ ಯುಎಇ ಮತ್ತು ಕತಾರ್ ಅದನ್ನು ನಿಷೇಧಿಸಿದವು. ಮಕ್ಕಳ ಜಾಗಕ್ಕೆ ಪುಟ್ಟ ರೋಬಾಟ್‌ಗಳು ಬಂದವು. ಒಂಟೆಗಳು ಈಗಲೂ ಓಡುತ್ತಿವೆ. ಓಟದ ಖುಷಿಗೆ ಮಗುವಿನ ಪ್ರಾಣ ಬೇಕಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎದುರು ವಾದಗಳು

ರ‍್ಯಾಲಿಯಿಂದ ಬಡ ದೇಶಕ್ಕೆ ಹಣ ಬರುತ್ತದೆ ಎನ್ನುತ್ತಾರೆ. ಹೋಟೆಲಿನವನಿಗೆ, ಡೀಸೆಲ್ ಮಾರುವವನಿಗೆ ಎರಡು ದಿನದ ವ್ಯಾಪಾರ ಆಗಬಹುದು, ನಿಜ. ಆದರೆ ಜಾಹೀರಾತಿನ ಹಣ, ಟಿವಿ ಹಕ್ಕಿನ ಹಣ ಎಲ್ಲಿಗೆ ಹೋಗುತ್ತದೆ? ಅಪಾಯ ಹಳ್ಳಿಗೆ, ಆದಾಯ ಪ್ಯಾರಿಸ್‌ಗೆ ಎಂಬುದು ನ್ಯಾಯದ ವ್ಯಾಪಾರವಲ್ಲ.

ಸ್ಪರ್ಧಿಗಳೂ ಸಾಯುತ್ತಾರಲ್ಲ ಎನ್ನುತ್ತಾರೆ. ಹೌದು, ಅವರ ಸಾವಿಗೆ ನಾನೂ ತಲೆಬಾಗುತ್ತೇನೆ. 2020ರ ಜನವರಿ 12ರಂದು ಭಾರತದ ಹೀರೊ ತಂಡದ ಪರ ಓಡಿಸುತ್ತಿದ್ದ ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವೆಸ್ ಸೌದಿಯಲ್ಲಿ ಬಿದ್ದು ಸತ್ತರು. ಗೌರವಾರ್ಥ ಮರುದಿನದ ಬೈಕ್ ಓಟವನ್ನು ರದ್ದುಪಡಿಸಲಾಯಿತು. ಅದು ಮನುಷ್ಯತ್ವ. ಆದರೆ ಗೊನ್ಸಾಲ್ವೆಸ್‌ಗೆ ಅಪಾಯ ಗೊತ್ತಿತ್ತು, ಅದನ್ನು ಅವರು ಒಪ್ಪಿ ಹೊರಟಿದ್ದರು, ಹೆಲ್ಮೆಟ್ ಇತ್ತು, ಮೇಲೆ ಹೆಲಿಕಾಪ್ಟರ್ ಇತ್ತು. ಮಾಲಿಯ ಬಾಲಕಿ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಒಪ್ಪಿಗೆಯ ಈ ಮಾತನ್ನು ಐಲ್ ಆಫ್ ಮ್ಯಾನ್ ದ್ವೀಪದಿಂದ ಕಲಿಯಬಹುದು. ಅಲ್ಲಿ 1907ರಿಂದ ನಡೆಯುವ ಟಿಟಿ ಬೈಕ್ ರೇಸ್ ಡಾಕರ್‌ಗಿಂತಲೂ ಭಯಾನಕ. ಸುಮಾರು 60 ಕಿಲೋಮೀಟರ್ ಸುತ್ತಿನ ಅದರ ಬೆಟ್ಟದ ರಸ್ತೆಯಲ್ಲಿ ಇದುವರೆಗೆ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. ನನಗೆ ಅದು ಇಷ್ಟವಿಲ್ಲ. ಆದರೆ ಅಲ್ಲಿ ರಸ್ತೆ ಮುಚ್ಚುವುದು ದ್ವೀಪದ ಜನರದೇ ಸಂಸತ್ತು ಮಾಡಿದ ಕಾಯ್ದೆಯ ಪ್ರಕಾರ; ಅಂತಹ ಮೊದಲ ಕಾಯ್ದೆ ಬಂದದ್ದು 1904ರಲ್ಲಿ. ಬೇಡವೆಂದರೆ ಅವರು ನಿಲ್ಲಿಸಬಲ್ಲರು. 2001ರಲ್ಲಿ ಬ್ರಿಟನ್ನಿನಲ್ಲಿ ಜಾನುವಾರುಗಳಿಗೆ ಕಾಲುಬಾಯಿ ಜ್ವರ ಹರಡಿದಾಗ ಆ ರೇಸನ್ನೇ ರದ್ದು ಮಾಡಿದರು. ದನ ಕುರಿಗಳನ್ನು ಉಳಿಸಲು ಒಂದು ವಿಶ್ವಪ್ರಸಿದ್ಧ ಓಟ ನಿಲ್ಲಬಲ್ಲದು! ಸಾಹೇಲ್‌ನ ಮಕ್ಕಳಿಗೆ ಅಷ್ಟೂ ಬೆಲೆ ಇರಲಿಲ್ಲವೇ?

ನಮ್ಮ ಮನೆಯಂಗಳ

ಇದೆಲ್ಲ ದೂರದ ಕತೆ, ಕನ್ನಡಿಗರಿಗೇನು ಎಂದು ಕೇಳಬೇಡಿ. 2015ರಲ್ಲಿ ಡಾಕರ್ ಪೂರ್ಣಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರಲ್ಲಿ ಸೌದಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ದಿನಗಟ್ಟಲೆ ಪ್ರಜ್ಞೆ ತಪ್ಪಿಸಿಟ್ಟು ಬದುಕಿಸಿದ್ದು ಅವರನ್ನೇ. 2019ರಲ್ಲಿ ಗುರಿ ಮುಟ್ಟಿದ ಕೆ.ಪಿ. ಅರವಿಂದ್ ಉಡುಪಿಯವರು. ಹೀರೊ, ಟಿವಿಎಸ್ ಎರಡೂ ನಮ್ಮ ದೇಶದ ಕಂಪೆನಿಗಳು. ಆ ಹುಡುಗರ ಶ್ರಮವನ್ನು, ಛಲವನ್ನು ಮೆಚ್ಚದಿರಲು ಸಾಧ್ಯವಿಲ್ಲ. ಆದರೆ ಪಾಲುದಾರರಾದ ಮೇಲೆ ಪ್ರಶ್ನೆ ಕೇಳುವ ಹೊಣೆಯೂ ನಮ್ಮದೇ.

ಅದೇ ಜನವರಿಯ ಚಿತ್ರಗಳನ್ನು ನೋಡಿ ಬೆಳೆದ ಹುಡುಗ ನಮ್ಮ ಹೆದ್ದಾರಿಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿ ವೀಲಿ ಮಾಡುತ್ತಾನೆ. ಅವನಿಗೂ ರಸ್ತೆ ಖಾಲಿ ಎಂದೇ ಅನಿಸುತ್ತದೆ. ತರಕಾರಿ ಗಾಡಿಯವನು, ಮಗುವಿನ ಕೈಹಿಡಿದು ರಸ್ತೆ ದಾಟುವ ತಾಯಿ, ರಾತ್ರಿ ಪಾಳಿ ಮುಗಿಸಿ ಮರಳುವ ಕಾರ್ಮಿಕ ಅವನ ಕಣ್ಣಿಗೆ ಬೀಳುವುದಿಲ್ಲ. ಅವನನ್ನು ಪೊಲೀಸರು ಹಿಡಿಯುತ್ತಾರೆ, ದಂಡ ಹಾಕುತ್ತಾರೆ; ಸರಿ. ಆದರೆ ಅದನ್ನೇ ದೊಡ್ಡದಾಗಿ, ಪ್ರಾಯೋಜಕರ ಬಾವುಟದಡಿ ಮಾಡುವವರಿಗೆ ಪದಕವೇ? ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲೂ ರ‍್ಯಾಲಿಗಳು ನಡೆದಿವೆ. ತೋಟದವರು ಒಪ್ಪಿ, ದಾರಿ ಮುಚ್ಚಿ, ಕಾವಲಿಟ್ಟು ನಡೆಸುವ ಓಟಕ್ಕೆ ನನ್ನ ತಕರಾರಿಲ್ಲ. ವೇಗದ ಹಂಬಲವಿರುವ ಹುಡುಗರಿಗೆ ಅಂತಹ ಜಾಗಗಳು ಇನ್ನಷ್ಟು ಬೇಕು.

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು, ಮನೆಯಂಗಳ, ಮೇವಿನ ದಾರಿ ದಾಟಿಕೊಂಡು ಹೋಗುವ ಓಟ ಅಲ್ಲಿನವರ ಒಪ್ಪಿಗೆಯಿಲ್ಲದೆ ನಡೆಯಕೂಡದು. ಎರಡು, ಸ್ಪರ್ಧಿಗಿರುವಷ್ಟೇ ವಿಮೆ ದಾರಿಹೋಕನಿಗೂ ಇರಬೇಕು. ಮೂರು, ಸತ್ತ ಸ್ಪರ್ಧಿಗಳ ಪಕ್ಕದಲ್ಲಿ ಸತ್ತ ಹಳ್ಳಿಗರ ಹೆಸರನ್ನೂ ಸಂಘಟಕರು ಪ್ರತಿ ವರ್ಷ ಓದಿ ಹೇಳಬೇಕು. ನಾಲ್ಕು, ನಮ್ಮ ಹಣ ಹೂಡುವ ನಮ್ಮ ಕಂಪೆನಿಗಳು ಈ ಮೂರನ್ನೂ ಷರತ್ತಾಗಿ ಇಡಬೇಕು. ಇಷ್ಟನ್ನೂ ಮಾಡಲಾಗದ ಓಟವನ್ನು ಸಾಹಸ ಎಂದು ಕರೆಯಬೇಡಿ.

ಚಹಾದಂಗಡಿಯ ಆ ಹುಡುಗ ಹಿರಿಯರ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಕಾಕ, ನೀವು ಅಲ್ಲಿರುವಾಗ ಇವರು ಬಂದಿದ್ದರೆ?" ಎಂದು ಕೇಳಿದ. "ಟ್ಯಾಂಕರ್ ಬದಿಗೆ ಹಾಕಿ ನಿಲ್ಲುತ್ತಿದ್ದೆ. ನಮ್ಮಂಥವರು ಮತ್ತೇನು ಮಾಡುವುದು?" ಎಂದರು ಅವರು. ಬದಿಗೆ ನಿಲ್ಲಲು ಸಮಯ ಸಿಗದೆ ಹೋದವರ ಬಗ್ಗೆ ಇಷ್ಟು ಬರೆಯಬೇಕೆನಿಸಿತು.